ಪೊಹಾಂಗಿನಲ್ಲಿ ನಾನು ಕಳೆದುಹೋಗಿರಲಿಲ್ಲ

ರೆನ್ನಿಂಗೆನ್, ಜರ್ಮನಿ
16 ನವೆಂಬರ್ 2025, ಭಾನುವಾರ

ಮನೆಯಲ್ಲಿ ನಾನೊಬ್ಬಳೇ. ಮೊಮ್ಮಗಳು ಪವಿಯ ಗೆಳತಿಯ ಹುಟ್ಟುಹಬ್ಬವೆಂದು ಅವಳೂ ಮಗ ಗಿರಿಯೂ ಸೊಸೆ ನಿಶ್ಚಿತಾಳೂ ಲಿಯೋನ್‌ಬೆರ್ಗ್‌ಗೆ ಹೋಗಿದ್ದಾರೆ. ಒಲೆ ಆರಿದೆ, ಬಾಗಿಲು ಹಾಕಿದೆ, ಕೀಲಿ ಮೊಳೆಯಲ್ಲಿದೆ. ಮೈಸೂರಿಗೆ ಹೊರಟಿರುವ ರಶೀದ್ ಸಂಜೆ ಬಂದು ಈ ಪತ್ರವನ್ನು ಒಯ್ಯುತ್ತಾನೆ.

ಪ್ರೀತಿಯ ಸ್ಮಿತಾ,

ಹೇಗಿದ್ದೀಯ? ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಅಥವಾ ಬಾಟಲಿಯನ್ನು ನೋಡುತ್ತಲೇ ನೋವು ಹೋಗಲಿ ಎಂದು ಕಾಯುತ್ತಿದ್ದೀಯೋ? ಬ್ಯಾಂಕಿನಲ್ಲಿ ಆ ಮುರುಕು ಕುರ್ಚಿಯನ್ನು ಬದಲಾಯಿಸಿಕೊಡಿ ಎಂದು ಬಾಯಿಬಿಟ್ಟು ಕೇಳು. ಕೇಳಲು ನಿನಗೆ ಸಂಕೋಚ, ಅದು ನನ್ನಿಂದಲೇ ಬಂದದ್ದು. ಆದರೆ ನಾನು ಈ ತಿಂಗಳು ಅದನ್ನು ಬಿಟ್ಟಿದ್ದೇನೆ, ನೀನೂ ಬಿಡು. ಸುಹಾಸನ ಕೆಮ್ಮು ನಿಂತಿತೆ? ಬೆಳಗಿನ ಮಂಜಿನಲ್ಲಿ ಸ್ಕೂಟರ್ ಓಡಿಸುವಾಗ ಕುತ್ತಿಗೆಗೆ ಏನಾದರೂ ಸುತ್ತಿಕೊಳ್ಳಲು ಹೇಳು. ನಾನು ಚೆನ್ನಾಗಿದ್ದೇನೆ. ಇದನ್ನು ಪತ್ರದ ವಾಡಿಕೆಗೆಂದು ಬರೆದದ್ದಲ್ಲ, ಸುದ್ದಿಯೆಂದೇ ಬರೆದದ್ದು: ನಾನು ಚೆನ್ನಾಗಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನೊಂದು ವಾಕ್ಯ ಮುಗಿಸುವುದರೊಳಗೆ ನೀನು "ಅಮ್ಮಾ, ಒಂದ್ನಿಮಿಷ" ಎನ್ನುತ್ತೀಯ. ಆ ನಿಮಿಷ ಕಳೆದು ನೀನು ಮರಳಿ ಬಂದಾಗ ನಾನು ಏನು ಹೇಳುತ್ತಿದ್ದೆನೆಂದು ನಿನಗೆ ನೆನಪಿರುವುದಿಲ್ಲ. ನನಗೆ ನೆನಪಿರುತ್ತದೆ. ಈಗ ವಿಷಯವೇ ಅದಾದ್ದರಿಂದ ಹೇಳಿದೆ. ಅಲ್ಲದೆ ಈ ಮನೆಯ ಗೋಡೆಗಳು ತೆಳು. ಪಕ್ಕದ ಮನೆಯ ಮುದುಕರು ಭಾನುವಾರ ಸೀನಿದರೂ ಕೇಳುತ್ತದೆ. ಒಬ್ಬಳೇ ಇದ್ದೇನೆ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಕೈಗೊಂದು ಗಡಿಯಾರ ಕಟ್ಟಿದ್ದಾರೆ. ನಾನು ಈ ರಸ್ತೆ ದಾಟಿದರೆ ಅದು ಗಿರಿಗೆ ಹೇಳುತ್ತದೆ. ಸಮಯವನ್ನೂ ತೋರಿಸುತ್ತದೆ, ಅದು ಅದರ ಉಪವೃತ್ತಿ.

ಮೊದಲು ವಿಷಯಕ್ಕೆ ಬರುತ್ತೇನೆ. ಕಳೆದ ಮಂಗಳವಾರ ಕಾರವಾರದಿಂದ ಶ್ರೀದೇವಿಯವರ ಫೋನು ಬಂದಿತ್ತು. ಕೆಳಗಿನ ಮನೆಯಲ್ಲಿದ್ದೂ ಮಹಡಿಯ ಬಾಡಿಗೆಗೆ ಒಮ್ಮೆಯೂ ಮೆಟ್ಟಿಲು ಹತ್ತಿ ಬಂದವರಲ್ಲ ಅವರು, ನಿನಗೆ ಗೊತ್ತು. "ಟೀಚರ್, ಮನೆ ಬಿಡೂದು ಹೌದಾ? ನಿಮ್ಮ ಮಗಳು ಫೋನ್ ಮಾಡಿದ್ಲು. ಡಿಸೆಂಬರ್‌ಗೆ ಖಾಲಿ ಅಂತ. ನಿಮಗೇನೋ ಹುಷಾರಿಲ್ಲ ಅಂದ್ಲು... ಮರೆವು ಅಂತ." ಕೊನೆಯ ಪದವನ್ನು ಅವರು ಮೆಲ್ಲಗೆ ಹೇಳಿದರು, ಅದು ನನಗೆ ಕೇಳಿಸಿದರೆ ತಪ್ಪಾಗುತ್ತದೆ ಎನ್ನುವಂತೆ. ಕೋಡಿಬಾಗದ ನನ್ನ ಎರಡು ಕೋಣೆಯ ಮನೆಯನ್ನು ಖಾಲಿ ಮಾಡಿಸಿ, ನನ್ನನ್ನು ಮೈಸೂರಿನಲ್ಲಿ ನಿನ್ನ ಹಿಂದಿನ ಕೋಣೆಗೆ ತರುವುದೆಂದು ನೀನೂ ಗಿರಿಯೂ ಮಾತಾಡಿ ಮುಗಿಸಿದ್ದೀರಿ ಎಂದು ನನಗೆ ತಿಳಿದದ್ದು ಹೀಗೆ, ಮನೆಯ ಒಡತಿಯಿಂದ. ಬೈಯುವುದಕ್ಕೆಂದು ಬರೆಯುತ್ತಿಲ್ಲ. ನಿನ್ನ ಕೋಣೆಗೆ ಒಳ್ಳೆಯ ಕಿಟಕಿಯಿದೆ, ನೀನು ಪ್ರೀತಿಯಿಂದಲೇ ಹೇಳಿದ್ದೀಯ. ಆದರೆ ನೀವಿಬ್ಬರೂ ತೀರ್ಮಾನ ಮಾಡಿದ್ದು ಕೊರಿಯದ ಪೊಹಾಂಗಿನಲ್ಲಿ ನಾನು ಕಳೆದುಹೋದೆ ಎಂಬ ಒಂದು ಮಾತಿನ ಮೇಲೆ. ಆ ಮಾತು ಸುಳ್ಳು. ಅಲ್ಲಿ ಏನು ನಡೆಯಿತೆಂದು ಯಾರೂ ನನ್ನನ್ನು ಕೇಳಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.

ಇದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಶುರುವಾದದ್ದು. ಸೆಪ್ಟೆಂಬರಿನಲ್ಲಿ ನನ್ನನ್ನು ಬೀಳ್ಕೊಡಲು ಬಂದಿದ್ದೆಯಲ್ಲ, ಅಲ್ಲಿ ಒಳಗೆ ತಳ್ಳುಕುರ್ಚಿಗಳ ಸಾಲನ್ನು ನೀನು ನೋಡಲಿಲ್ಲ. ಫ್ರಾಂಕ್‌ಫರ್ಟ್‌ಗೆ ಹೊರಟ ಅಪ್ಪ-ಅಮ್ಮಂದಿರೆಲ್ಲ ಸಾಲಾಗಿ ಕುಳಿತಿದ್ದರು. ನಿವೃತ್ತ ತಹಸೀಲ್ದಾರರು, ಹೊಸ ಶೂ ಹಾಕಿಕೊಂಡ ಅಜ್ಜಿಯರು, ಮಡಿಲಲ್ಲಿ ಚಟ್ನಿಪುಡಿಯ ಡಬ್ಬಿ. ಯಾರ ಕಾಲಿಗೂ ಏನೂ ಆಗಿರಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ದಾವಣಗೆರೆಯ ಹೆಂಗಸು ನನ್ನತ್ತ ಬಾಗಿ, "ನಿಮಗೂ ಕಾಲ್ ನೋವಿಲ್ಲ ಹೌದಲ್ರೀ? ನನಗೂ ಇಲ್ಲ. ನಮ್ಮ ಸೊಸಿ ಟಿಕೆಟ್ ತಗಸೂವಾಗ ವೀಲ್‌ಚೇರ್ ಬೇಕಂತ ಒತ್ಯಾಳ. ಇಲ್ಲಾಂದ್ರ ನಾವು ದಾರಿ ತಪ್ತೀವಂತ" ಎಂದರು. ನಾವಿಬ್ಬರೂ ನಕ್ಕೆವು. ಶೌಚಕ್ಕೆಂದು ನಾನು ಎದ್ದು ಸರಸರನೆ ನಡೆದಾಗ ಕುರ್ಚಿ ತಳ್ಳುವವನು ಬೆಚ್ಚಿಬಿದ್ದ. ಆದರೆ ನಗೆ ಬಹಳ ಹೊತ್ತು ಉಳಿಯಲಿಲ್ಲ. ತಪಾಸಣೆಯ ಹೆಂಗಸು ನನ್ನ ಕೈಚೀಲ ಹಿಡಿದು, ಇದರಲ್ಲಿ ದ್ರವ ಏನಾದರೂ ಇದೆಯೇ ಎಂದು ಕೇಳಿದ್ದು ನನ್ನನ್ನಲ್ಲ, ನನ್ನ ತಲೆಯ ಮೇಲಿಂದ ಕುರ್ಚಿ ತಳ್ಳುವವನನ್ನು. ಕುಳಿತವಳನ್ನು ಯಾರೂ ಕೇಳುವುದಿಲ್ಲ, ಸ್ಮಿತಾ. ಅದು ಕೆಟ್ಟತನವಲ್ಲ. ಕುರ್ಚಿಯ ಎತ್ತರವೇ ಅಂಥದ್ದು.

ಕುರ್ಚಿಯ ಜೊತೆಗೆ ಕೊರಳಿಗೊಂದು ಪಟ್ಟಿ. ಗಿರಿ ಕಂಪ್ಯೂಟರಿನಲ್ಲಿ ಚೆಂದವಾಗಿ ಅಕ್ಷರ ಜೋಡಿಸಿ, ಪ್ಲಾಸ್ಟಿಕ್ ಹೊದಿಸಿ ಕಳಿಸಿದ್ದನಲ್ಲ, ಅದು. ನನ್ನ ಹೆಸರು ಪ್ರೇಮಕುಮಾರಿ, ನನಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಸಹಾಯ ಬೇಕು, ದಯವಿಟ್ಟು ನನ್ನ ಮಗನಿಗೆ ಫೋನ್ ಮಾಡಿ. ಮೂವತ್ತು ವರ್ಷ ಭೂಗೋಳ ಕಲಿಸಿದವಳು ನಾನು. ಇಲ್ಲಿನ ಊರ ಗ್ರಂಥಾಲಯದಲ್ಲಿ ಇಂಗ್ಲಿಷ್ ಕಪಾಟು ಒಂದೇ ಒಂದು. ಅದರಲ್ಲಿನ ಕೊರಿಯದ, ಹಂಗೇರಿಯ ಕಾದಂಬರಿಗಳನ್ನು ನಾನು ಓದಿ ಮುಗಿಸಿದ್ದೇನೆ. "ಇಂಗ್ಲಿಷ್ ಬರುತ್ತಲ್ಲೋ ನನಗೆ" ಎಂದರೆ, "ಅಮ್ಮಾ, ಅದು ಸೇಫ್ಟಿಗೆ. ಬರಲ್ಲ ಅಂದ್ರೆ ಜಾಸ್ತಿ ಹೆಲ್ಪ್ ಮಾಡ್ತಾರೆ" ಎಂದ. ನಾನು ಅದನ್ನು ಕೊರಳಿಗೆ ಹಾಕಿಕೊಂಡೆ. ಕೊರಿಯಕ್ಕೆ ಹೊರಡುವ ಮುನ್ನ ಅದರ ಹಿಂಬದಿಗೆ ಕೊರಿಯನ್ ಭಾಷೆಯಲ್ಲೂ ಅದನ್ನೇ ಮುದ್ರಿಸಿ ತಂದ.

ಕೊರಿಯಕ್ಕೆ ಹೋದದ್ದು ಹೇಗೆಂದು ನಿನಗೆ ಗೊತ್ತು: ಪೊಹಾಂಗಿನ ಒಂದು ಪ್ರಯೋಗಾಲಯದಲ್ಲಿ ಗಿರಿಗೆ ಒಂದು ವಾರದ ಕೆಲಸ, ಪವಿಗೆ ಶಾಲೆಯ ಶರತ್ಕಾಲದ ರಜೆ, ಎಲ್ಲರೂ ಹೋಗೋಣವೆಂದ. ಒಂದೇ ಒಂದು ಕೇಳಿಕೊಂಡಿದ್ದೆ. ಹೆಸರುವಾಸಿ ಕಡಲು ಬೇಡ, ಊರಿನವರು ಸಂಜೆ ಹೋಗಿ ಬರುವ ಕಡಲು ಬೇಕು ಎಂದು. ನಾನು ಓದಿದ ಪುಸ್ತಕಗಳಲ್ಲಿ ಅಂಥ ದಂಡೆ ಮತ್ತೆ ಮತ್ತೆ ಬರುತ್ತದೆ. ಯಾರೋ ಮನೆಯಲ್ಲಿ ಜಗಳವಾಡಿ ಬಂದು ಕೂರುತ್ತಾರೆ, ಕಾಗದದ ಬಟ್ಟಲಿನಲ್ಲಿ ಬಿಸಿ ನೂಡಲ್ಸ್ ತಿನ್ನುತ್ತಾರೆ, ಎದ್ದು ಮನೆಗೆ ಹೋಗುತ್ತಾರೆ. ವರ್ಣನೆಯಿಲ್ಲ. ಲೇಖಕರಿಗೆ ಅದು ವರ್ಣಿಸುವ ಜಾಗವೇ ಅಲ್ಲ. ಅದಕ್ಕೇ ಅದನ್ನು ನೋಡಬೇಕೆನಿಸಿತ್ತು. ನಮ್ಮ ಹೋಟೆಲಿನ ಎದುರಿಗೇ ಅಂಥದೊಂದು ಸಿಕ್ಕಿತು. ಮೊದಲ ದಿನ ಎಲ್ಲರೂ ಇಳಿದೆವು. ಪವಿ ಮೂಗು ಹಿಡಿದು ಇಲ್ಲಿ ನಾತ ಎಂದು ಜರ್ಮನ್‌ನಲ್ಲಿ ಹೇಳಿದಳು. ನಿಶ್ಚಿತಾ ಸುತ್ತ ನೋಡಿ, "ಅತ್ತೆ, ಇಲ್ಲೇನಿದೆ ಅಂತ? ಬೀಚ್ ಅಂದ್ರೆ ಸ್ವಲ್ಪ ಕ್ಲೀನಾಗಿರ್ಬೇಕಪ್ಪ" ಎಂದಳು. ಗಿರಿ ಎದುರಿನ ದಂಡೆಯ ಉಕ್ಕಿನ ಕಾರ್ಖಾನೆಯ ಫೋಟೋ ತೆಗೆದು, ಅದರಲ್ಲಿ ಎಷ್ಟು ಕುಲುಮೆಗಳಿವೆಯೆಂದು ಹೇಳಿದ. ಹತ್ತು ನಿಮಿಷದಲ್ಲಿ ಅವರಿಗೆ ಕಡಲು ಮುಗಿಯಿತು.

ಎರಡು ದಿನ ಬಿಟ್ಟು ಗಿರಿ ಪ್ರಯೋಗಾಲಯಕ್ಕೆ ಹೋಗಿದ್ದ. ಮಧ್ಯಾಹ್ನ ಊಟವಾದ ಮೇಲೆ ನಿಶ್ಚಿತಾ ಹೋಟೆಲಿನ ಕೋಣೆಯಲ್ಲೇ ಆಫೀಸಿನ ಮೀಟಿಂಗ್‌ಗೆ ಕುಳಿತಿದ್ದಳು. ಅಲ್ಲಿ ಮಧ್ಯಾಹ್ನವಾದಾಗ ಇಲ್ಲಿ ಬೆಳಗು. ಪವಿ ಹಾಸಿಗೆಯಲ್ಲಿ ಟ್ಯಾಬ್ ಹಿಡಿದುಕೊಂಡಿದ್ದಳು. ನಾನು ಶೂ ಹಾಕಿಕೊಂಡೆ, ಕೋಣೆಯ ಕೀಲಿ ಕಾರ್ಡು ಆ ಪಟ್ಟಿ ತೂಗುವ ಕೊರಳ ಚೀಲದಲ್ಲಿದ್ದುದರಿಂದ ಅದನ್ನು ಹಾಕಿಕೊಂಡೆ, ಫೋನು ಅಲ್ಲಿ ಕೆಲಸ ಮಾಡದ ಕಾರಣ ಬಿಟ್ಟೆ. ಬಾಗಿಲ ಹತ್ತಿರ ನಿಂತು, "ನಿಶ್ಚಿತಾ, ಕಡಲ ಹತ್ರ ಹೋಗಿ ಕತ್ತಲಾಗೋದ್ರೊಳಗೆ ಬರ್ತೇನೆ" ಎಂದೆ. ಅವಳು ನನ್ನ ಕಡೆ ನೋಡಿ ತಲೆಯಾಡಿಸಿದಳು, ಹೆಬ್ಬೆರಳನ್ನೂ ಎತ್ತಿದಳು. ಈಗ ತಿಳಿದಿದೆ, ಆ ತಲೆಯಾಟ ಮೀಟಿಂಗ್‌ನವರಿಗೆ ಸಂದದ್ದು. ಕಿವಿಯೊಳಗಿನ ಆ ಬಿಳಿ ಗುಂಡಿಗಳು ಕೂದಲಿನ ಮರೆಯಲ್ಲಿದ್ದವು, ನನಗೆ ಕಾಣಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅತ್ತೆ ಹೇಳಲೇ ಇಲ್ಲ ಎಂದು ಅವಳು ಹೇಳುವುದು ಅವಳ ಮಟ್ಟಿಗೆ ನಿಜ. ಆದರೆ ನಾನು ಹೇಳಿ ಹೋದವಳು. ಹೇಳಿದ್ದು ಕೇಳಿಸದಿದ್ದರೆ ಮರೆವು ಯಾರದು ಎನ್ನುವುದನ್ನು ನೀನೇ ಯೋಚಿಸು.

ಇನ್ನು ಆ ದಂಡೆಯ ಬಗ್ಗೆ. ಮರಳು ದಪ್ಪ, ಬೂದಿ ಬಣ್ಣದ್ದು. ಹಿಂದಿನ ರಾತ್ರಿ ಹುಡುಗರು ಹಚ್ಚಿದ ಬಾಣಬಿರುಸುಗಳ ಸುಟ್ಟ ಕಡ್ಡಿಗಳು ಅದರಲ್ಲಿ ಚುಚ್ಚಿಕೊಂಡಿದ್ದವು. ಹಿಂದೆ ಚಿಪ್ಪು ಸುಡುವ ಹೋಟೆಲುಗಳ ಸಾಲು. ಅವರು ತೊಟ್ಟಿ ತೊಳೆದ ನೀರು ಕಾಲುದಾರಿಯ ಮೇಲೆ ಹರಿದು, ನಡೆಯುವವರೆಲ್ಲ ಅದನ್ನು ನೋಡದೆಯೇ ದಾಟುತ್ತಿದ್ದರು, ನಾವು ಮೀನು ಪೇಟೆಯಲ್ಲಿ ದಾಟುವಂತೆ. ಮೇಲಿನ ಹೋಟೆಲುಗಳ ಬೋರ್ಡುಗಳಲ್ಲಿ ಅರ್ಧ ದೀಪ ಕೆಟ್ಟಿದ್ದವು. ಪಾರಿವಾಳಗಳು ಕಡಲಹಕ್ಕಿಗಳ ಜೊತೆ ಸಮಬಲದಿಂದ ಜಗಳವಾಡುತ್ತಿದ್ದವು. ನೀರಿನೊಳಕ್ಕೆ ಒಂದು ಸೇತುವೆ, ಅದರ ತುದಿಯಲ್ಲಿ ಹಂಚಿನ ಮಾಡಿನ ಮಂಟಪ. ಅದರಾಚೆ ನೇರವಾಗಿ ಕಾರ್ಖಾನೆಯ ಕೊಳವೆಗಳು, ಹೊಗೆ. ಎರಡಕ್ಕೂ ಪರಸ್ಪರ ಸಂಕೋಚವಿರಲಿಲ್ಲ. ನಮ್ಮ ಕಾರವಾರದ ದಂಡೆಯೂ ಹೀಗೆಯೇ ಅಲ್ಲವೆ? ಒಂದು ಕಡೆ ಬಂದರಿನ ಕ್ರೇನು, ಇನ್ನೊಂದು ಕಡೆ ಗೋಬಿ ಮಂಚೂರಿ ಗಾಡಿ, ಮೇಲ್ಸೇತುವೆಯ ಲಾರಿ ಸದ್ದು, ಅದರ ನಡುವೆ ಸೂರ್ಯ ತನ್ನ ಪಾಡಿಗೆ ಮುಳುಗುವುದು. ಪ್ರವಾಸಿಗಳು ಬಂದು ಮೂಗು ಮುರಿಯುತ್ತಾರೆ. ಊರಿನವರು ಬಂದು ಕೂರುತ್ತಾರೆ. ತನ್ನನ್ನು ನೋಡಿ ಎನ್ನದ ಜಾಗದಲ್ಲಿ ನಮಗೂ ನಮ್ಮನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂಬ ಚಿಂತೆ ಇರುವುದಿಲ್ಲ. ನಾನು ಶೂ ಬಿಚ್ಚಿ ಕೈಯಲ್ಲಿ ಹಿಡಿದು ಕಣಕಾಲವರೆಗೆ ನೀರಿಗಿಳಿದೆ. ನೀರು ಚಳಿ. ಭೂಗೋಳದ ನಕಾಶೆಯಲ್ಲಿ ಕೋಲಿನಿಂದ ತೋರಿಸಿದ್ದ ಸಮುದ್ರ ಅದು; ತೋರಿಸುವಾಗ ಅದರ ಚಳಿ ನನಗೆ ಗೊತ್ತಿರಲಿಲ್ಲ.

ಅಲ್ಲಿ ಬೆಳ್ಳಿಬಣ್ಣದ ಹಾಳೆಯ ಚಾಪೆ ಹಾಸಿಕೊಂಡು ಮೂವರು ಹೆಂಗಸರು ಕುಳಿತಿದ್ದರು. ನನ್ನ ವಯಸ್ಸಿನವರೇ. ಮೂವರಿಗೂ ಮುಖ ಮುಚ್ಚುವಷ್ಟು ಅಗಲದ ಬಿಸಿಲು ಟೋಪಿ, ಒಬ್ಬರದು ಗುಲಾಬಿ. ಆ ಗುಲಾಬಿ ಟೋಪಿಯವರು ಅಂಗೈ ಕೆಳಗೆ ಮಾಡಿ ಬೆರಳಾಡಿಸಿ ನನ್ನನ್ನು ಕರೆದರು, ನಮ್ಮಲ್ಲಿ ಕರೆಯುವ ಹಾಗೆಯೇ. ಹೋದೆ. ಚಾಪೆಯ ಮೇಲೆ ಜಾಗ ಮಾಡಿದರು. ಬೇಯಿಸಿದ ಗೆಣಸು ಕೊಟ್ಟರು, ಫ್ಲಾಸ್ಕಿನಿಂದ ಸಿಹಿ ಕಾಫಿ ಬಗ್ಗಿಸಿ ಕೊಟ್ಟರು. ನನ್ನ ಕೈಚೀಲದಲ್ಲಿ ನಿಶ್ಚಿತಾಳ ಅಮ್ಮ ಕಳಿಸಿದ್ದ ಕೋಡುಬಳೆ ಇತ್ತು. ಒಬ್ಬರು ಅದನ್ನು ಬೆರಳಿಗೆ ಉಂಗುರದಂತೆ ಹಾಕಿಕೊಂಡು ಎಲ್ಲರಿಗೂ ತೋರಿಸಿ, ಆಮೇಲೆ ಕಚ್ಚಿ, ಖಾರಕ್ಕೆ ಕಣ್ಣರಳಿಸಿ ಇನ್ನೊಂದು ಕೇಳಿದರು. ಸೀರೆಯ ಸೆರಗು ಮುಟ್ಟಿ ನೋಡಿದರು. ನಾನು ಅವರ ಟೋಪಿ ಹಾಕಿ ನೋಡಿದೆ. ಭಾಷೆ? ನನಗೆ ಅವರದು ಬರದು, ಅವರಿಗೆ ನನ್ನದು ಬರದು, ಅವರ ಮಾತು ನಿಲ್ಲಲೂ ಇಲ್ಲ. ಅನುವಾದ ಓದುವವರಿಗೆ ಒಂದು ಅಭ್ಯಾಸವಿರುತ್ತದೆ. ಅರ್ಥವಾಗದ ಪದ ಬಂದರೆ ನಾವು ಗಾಬರಿಯಾಗುವುದಿಲ್ಲ. ಮುಂದಿನ ಪುಟದಲ್ಲಿ ತಿಳಿಯುತ್ತದೆ, ಇಲ್ಲವೆ ತಿಳಿಯದೆಯೇ ಕಥೆ ನಡೆಯುತ್ತದೆ. ಅರ್ಥವಾಗದಿರುವುದೂ ದಾರಿ ತಪ್ಪುವುದೂ ಒಂದೇ ಅಲ್ಲ.

ಗುಲಾಬಿ ಟೋಪಿಯವರು ಸುಟ್ಟ ಬಾಣದ ಕಡ್ಡಿಯೊಂದನ್ನು ಕಿತ್ತು ಮರಳಿನ ಮೇಲೆ 1961 ಎಂದು ಬರೆದು ತಮ್ಮ ಎದೆ ಮುಟ್ಟಿಕೊಂಡರು. ಇನ್ನೊಬ್ಬರು 1960 ಎಂದರು. ಹಿರಿಯರು 1955. ಕಡ್ಡಿಯನ್ನು ನನಗೆ ಕೊಟ್ಟರು. ನಾನು 1958 ಎಂದು ಬರೆದೆ. ಕೂಡಲೇ ಎಲ್ಲ ಸರಿಹೋಯಿತು. ಇಬ್ಬರು ಕಿರಿಯರು ಕುಳಿತಲ್ಲೇ ತಲೆಬಾಗಿ ನನ್ನನ್ನು "ಒನ್ನಿ" ಎಂದು ಕರೆದರು. ಅಕ್ಕ ಎಂದು ಅರ್ಥ. ಕಾದಂಬರಿಗಳಲ್ಲಿ ಅನುವಾದಕರು ಅದನ್ನು ಹಾಗೆಯೇ ಬಿಡುತ್ತಾರೆ. ಕಿತ್ತಳೆ ಸುಲಿದಾಗ ಮೊದಲ ಪಾಲು ಹಿರಿಯರಿಗೆ, ಎರಡನೆಯದು ನನಗೆ. ನಿಮ್ಮಪ್ಪ ಹೋದ ಮೇಲೆ ನನಗೆ ಇಂಥದೊಂದು ಸರಿಯಾದ ಸ್ಥಾನ ಎಲ್ಲಿಯೂ ಸಿಕ್ಕಿರಲಿಲ್ಲ, ಸ್ಮಿತಾ. ಯಾರ ಅಮ್ಮನೂ ಅಲ್ಲ, ಅತ್ತೆಯೂ ಅಲ್ಲ, ಟೀಚರೂ ಅಲ್ಲ. ನಾಲ್ವರಲ್ಲಿ ಎರಡನೆಯವಳು.

ಬಿಸಿಲು ಇಳಿಯುತ್ತಿತ್ತು. ಹೊರಡಬೇಕೆಂದು ಶೂ ಹಾಕಿಕೊಳ್ಳುತ್ತಿದ್ದೆ. ಆಗ ಮೂವರ ಫೋನುಗಳೂ ಒಟ್ಟಿಗೆ ಕಿರುಚಿದವು. ಬರೀ ಅವರದಲ್ಲ, ದಂಡೆಯುದ್ದಕ್ಕೂ ಎಲ್ಲರ ಫೋನುಗಳೂ. ವಯಸ್ಸಾದವರು, ಮರೆವಿನವರು ಮನೆಯಿಂದ ಕಾಣೆಯಾದರೆ ಅಲ್ಲಿನ ಪೊಲೀಸರು ಊರಿನ ಎಲ್ಲರ ಫೋನಿಗೂ ಹೀಗೆ ಸಂದೇಶ ಕಳಿಸುತ್ತಾರೆ. ಒಳ್ಳೆಯ ಪದ್ಧತಿ, ನಮ್ಮಲ್ಲೂ ಇರಬೇಕಿತ್ತು. ಗುಲಾಬಿ ಟೋಪಿಯವರು ಓದಿದರು. ನನ್ನನ್ನು ನೋಡಿದರು. ಮತ್ತೆ ಓದಿದರು. ಮೂವರಲ್ಲೂ ವಾದ ಶುರುವಾಯಿತು. ಏನೆಂದು ನನಗೆ ಆಮೇಲೆ ತಿಳಿಯಿತು, ಗಿರಿಯ ಪ್ರಯೋಗಾಲಯದವರು ಇಂಗ್ಲಿಷಿಗೆ ಮಾಡಿಕೊಟ್ಟರು: ಹುಡುಕಲಾಗುತ್ತಿದೆ, ಹೆಂಗಸು, ವಯಸ್ಸು 67, ಗಿಡ್ಡ, ಭಾರತೀಯರು, ನೀಲಿ ಸೀರೆ, ಬಿಳಿ ಶೂ. ಅನುವಾದ ಚೆನ್ನಾಗಿತ್ತು, ಮೂಲವೇ ತಪ್ಪು. ನಾನು ಉಟ್ಟದ್ದು ಹಸಿರು ಸೀರೆ. ನೀಲಿ ಹಿಂದಿನ ದಿನದ್ದು. ಹಿರಿಯರು ನನ್ನ ಸೆರಗನ್ನು ಎತ್ತಿ ಹಿಡಿದು, ಇದೆಲ್ಲಿ ನೀಲಿ ಎಂಬಂತೆ ಗದರಿದರು. ಆಗ ಗುಲಾಬಿ ಟೋಪಿಯವರು ನನ್ನ ಕೊರಳ ಚೀಲದ ಪಟ್ಟಿಯನ್ನು ತಿರುಗಿಸಿದರು. ಕೊರಿಯನ್ ಬದಿ ಮೇಲೆ ಬಂತು. ಓದಿದರು.

ಅಲ್ಲಿಂದ ಅವರ ಕೈಗಳು ಬೇರೆಯಾದವು. ಇದನ್ನು ನಿನಗೆ ಸರಿಯಾಗಿ ಹೇಳಬೇಕು, ಯಾಕೆಂದರೆ ಇಡೀ ಪತ್ರದಲ್ಲಿ ನನಗೆ ನೋವಾದದ್ದು ಇದೊಂದೇ. ಅದುವರೆಗೆ ಆ ಕೈಗಳು ನನ್ನ ತೊಡೆ ತಟ್ಟುತ್ತಿದ್ದವು, ನನ್ನ ಕೋಡುಬಳೆ ಕಸಿಯುತ್ತಿದ್ದವು. ಈಗ ಒಂದು ಕೈ ನನ್ನ ಮೊಣಕೈ ಹಿಡಿಯಿತು, ಇನ್ನೊಂದು ನನ್ನ ಹೆಗಲಿಗೆ ಜಾಕೆಟ್ ಹೊದಿಸಿತು. ಮಾತು ನಿಧಾನವಾಯಿತು, ಜೋರಾಯಿತು, ಮಗುವಿಗೆ ಹೇಳುವಂತಾಯಿತು. ಶೂವಿನ ದಾರವನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ. ಬಾಗಿ ಅವರು ಕಟ್ಟಿದರು. ನಾನು ಇಂಗ್ಲಿಷಿನಲ್ಲಿ, ನನ್ನ ಹೋಟೆಲ್ ಅಗೋ ಅಲ್ಲಿದೆ, ನಾನೇ ಹೋಗುತ್ತೇನೆ ಎಂದೆ. ತಲೆಯಾಡಿಸಿ ನಕ್ಕರು, ಬಿಡಲಿಲ್ಲ. ನನಗೆ ಇಂಗ್ಲಿಷ್ ಬರುವುದಿಲ್ಲವೆಂದು ನನ್ನ ಕೊರಳಿನಲ್ಲೇ ಬರೆದಿತ್ತಲ್ಲ. ಅದು ನನ್ನ ಮಗನ ಮಾತು, ಅದರ ಮುಂದೆ ನನ್ನದು ನಡೆಯಲಿಲ್ಲ.

ಪೊಲೀಸ್ ಹುಡುಗನೊಬ್ಬ ಬಂದ, ಬಹಳ ವಿನಯದವನು. ಆಮೇಲೆ ಗಿರಿ, ಟ್ಯಾಕ್ಸಿಯಿಂದ ಇಳಿದು ಮರಳಿನಲ್ಲಿ ಎಡವುತ್ತ ಓಡಿ ಬಂದ. "ಅಮ್ಮಾ, ಎಲ್ಲಿ ಹೋಗ್ಬಿಟ್ಟಿದ್ದೆ ನೀನು" ಎಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ನನ್ನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ. ಏಳನೇ ಕ್ಲಾಸಿನಲ್ಲಿ ಕಾಳಿ ನದಿಯ ಸೇತುವೆಯ ಹತ್ತಿರ ಅವನ ಸೈಕಲ್ ಲಾರಿಗೆ ತಾಗಿದ ದಿನ ಹೀಗೆಯೇ ಹಿಡಿದುಕೊಂಡಿದ್ದ. ಅದನ್ನು ನೋಡಿ ನಾನು ಒಂದು ಮಾತೂ ಆಡಲಿಲ್ಲ. ಆ ಹೊತ್ತಿನಲ್ಲಿ ವಾದ ಮಾಡುವ ತಾಯಿ ನಾನಲ್ಲ. ನನ್ನ ಆ ಮೌನವನ್ನೇ ಆಮೇಲೆ ಸಾಕ್ಷಿ ಮಾಡಿದರು: ನೋಡಿ, ಅಮ್ಮ ಒಂದು ಮಾತೂ ಆಡಲಿಲ್ಲ, ಎಲ್ಲಿದ್ದೇನೆಂದೇ ಅವರಿಗೆ ತಿಳಿದಿರಲಿಲ್ಲ ಎಂದು. ಆದರೆ ಒಂದು ಸಂಗತಿ ನಿನಗೆ ಯಾರೂ ಹೇಳಿರಲಾರರು. ಆ ಗುಲಾಬಿ ಟೋಪಿಯವರು ಪೊಲೀಸ್ ಹುಡುಗನನ್ನು ಬಿಡಲಿಲ್ಲ. ನನ್ನನ್ನು ಒಪ್ಪಿಸಿದ ಮೇಲೆ ಅವರಿಗೇ ಏನೋ ಸರಿ ಕಾಣಲಿಲ್ಲವೆಂದು ತೋರುತ್ತದೆ. ಅವನ ತೋಳು ಹಿಡಿದು ಮರಳಿನ ಹತ್ತಿರ ಎಳೆದೊಯ್ದು, 1958 ಅನ್ನು ತೋರಿಸಿ, ಮೂರು ಕಡೆ ಕೈ ಬೀಸಿ ಏನೇನೋ ಹೇಳಿದರು. ಅವನು ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದು, ಆಮೇಲೆ ಗಿರಿಯ ಕಡೆ ತಿರುಗಿಸಿದ. ಯಂತ್ರದ ದನಿ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಇವರು ಕಳೆದುಹೋಗಿರಲಿಲ್ಲ, ನಮ್ಮ ಜೊತೆ ಆಡುತ್ತಿದ್ದರು. ಗಿರಿ ಥ್ಯಾಂಕ್ಯೂ ಥ್ಯಾಂಕ್ಯೂ ಎಂದು ಎರಡು ಸಲ ಬಾಗಿ ನನ್ನನ್ನು ಟ್ಯಾಕ್ಸಿಗೆ ಹತ್ತಿಸಿದ. ಹೋಟೆಲು ರಸ್ತೆಯ ಆಚೆ ಬದಿಗಿತ್ತು. ಟ್ಯಾಕ್ಸಿಯಲ್ಲಿ ಹೋದೆವು.

ನಿಶ್ಚಿತಾಳ ಫೋನು ಬಂದೊಡನೆ ತಾನು ಪೊಲೀಸರಿಗೆ ಏನೆಂದೆನೆಂದು ರಾತ್ರಿ ಅವನೇ ಹೇಳಿದ. "ಸುಮ್ನೆ ಅಮ್ಮ ಕಾಣ್ತಿಲ್ಲ ಅಂದ್ರೆ ಸ್ವಲ್ಪ ಕಾಯಿ ಅಂತಾರಂತೆ ಅಮ್ಮಾ. ಮರೆವಿನ ಕಾಯಿಲೆ ಇದೆ ಅಂದ್ರೆ ಕೂಡ್ಲೇ ಮೆಸೇಜ್ ಕಳಿಸ್ತಾರೆ ಅಂತ ಲ್ಯಾಬಿನವ್ರು ಹೇಳಿದ್ರು. ಅದಕ್ಕೇ ಹಾಗಂದೆ." ಬೇಗ ಸಿಗಲಿ ಎಂದು ಹೇಳಿದ ಸುಳ್ಳು. ನಾನು ಅವನ ತಲೆ ಸವರಿದೆ. ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಸುಳ್ಳಿಗೂ ಆ ತಳ್ಳುಕುರ್ಚಿಯ ಗುಣವೇ ಇದೆ, ಒಮ್ಮೆ ಕೂರಿಸಿದ ಮೇಲೆ ಯಾರೂ ಏಳಿಸುವುದಿಲ್ಲ. ರೆನ್ನಿಂಗೆನ್‌ಗೆ ಮರಳಿದ ವಾರದೊಳಗೆ ಗಿರಿಗೆ ಅದನ್ನು ತಾನೇ ಹುಟ್ಟಿಸಿದೆನೆಂಬುದು ಮರೆತುಹೋಯಿತು. ಗಡಿಯಾರ ಬಂತು. ಒಲೆಯ ಗುಂಡಿಗಳಿಗೆ ಮಕ್ಕಳ ಬೀಗ ಬಂತು. ಪವಿ ಮಗುವಾಗಿದ್ದಾಗ ತಂದದ್ದು, ನೆಲಮಾಳಿಗೆಯ ಕೆಲ್ಲರ್‌ನಿಂದ ಹುಡುಕಿ ತೆಗೆದರು. ನಿಶ್ಚಿತಾ ಬೆಳಗ್ಗೆ ಬಾದಾಮಿ ನೆನೆಸಿ ಕೊಡುತ್ತಾಳೆ. ನೀನು ಫೋನಿನಲ್ಲಿ ನಡುವೆ ನಡುವೆ, "ಅಮ್ಮಾ, ಮೊನ್ನೆ ನಾನು ಹೇಳಿದ್ದು ನೆನಪಿದೆಯಾ?" ಎಂದು ಕೇಳತೊಡಗಿದೆ. ನೆನಪಿದೆ. ನೀನು ಕೇಳಿದ ಪ್ರತಿ ಸಲವೂ ನೆನಪಿದೆ.

ವೈದ್ಯರ ಹತ್ತಿರವೂ ಕರೆದೊಯ್ದರು. ಆಕೆ ಚೆನ್ನಾಗಿ ಮಾತಾಡಿಸಿದರು. ಈಗ ಯಾವ ಋತು, ಇದು ಯಾವ ರಾಜ್ಯ, ಯಾವ ಊರು ಎಂದು ಕೇಳಿದರು. ಹೇಳಿದೆ, ಊರಿನ ನಡುವೆ ಹರಿಯುವ ಹಳ್ಳದ ಹೆಸರು ರಾಂಕ್‌ಬಾಖ್, ಅದು ಹೋಗಿ ಸೇರುವುದು ವ್ಯೂರ್ಮ್ ನದಿಯನ್ನು ಎಂದೂ ಹೇಳಿದೆ. ಆಕೆಗೆ ಅದು ಗೊತ್ತಿರಲಿಲ್ಲ, ಆಕೆ ಬೇರೆ ಊರಿನವರು. ನಿಂಬೆಹಣ್ಣು, ಕೀಲಿಕೈ, ಚೆಂಡು, ಈ ಮೂರು ಪದ ನೆನಪಿಡಿ ಎಂದು, ಬೇರೇನೋ ಲೆಕ್ಕ ಮಾಡಿಸಿ, ಆಮೇಲೆ ಕೇಳಿದರು. ಹೇಳಿದೆ. ಪಕ್ಕದಲ್ಲಿ ಗಿರಿಯೂ ತುಟಿ ಅಲುಗಿಸುತ್ತಿದ್ದ. ಚೆಂಡಿನ ಹತ್ತಿರ ಅವನು ತಡವರಿಸಿದ. ಎಲ್ಲ ಸರಿಯಿದೆ ಎಂದು ವೈದ್ಯರು ಕೈಕುಲುಕಿದರು. ಮನೆಗೆ ಬಂದ ಮೇಲೆ ನಿಶ್ಚಿತಾ, "ಈಗೇನೋ ಓಕೆ ಅತ್ತೆ. ಆದ್ರೆ ಮುಂದೆ?" ಎಂದಳು. ಅದಕ್ಕೆ ಉತ್ತರವನ್ನು ಇಂದು ಬರೆಯುತ್ತೇನೆ. ಮುಂದಿನದು ಅವಳಿಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ನಾನು ನಿಜವಾಗಿ ಮರೆಯತೊಡಗಿದ ದಿನ ಮೊದಲು ಗೊತ್ತಾಗುವುದು ಶ್ರೀದೇವಿಯವರಿಗೆ. ನಾನು ಬಾಡಿಗೆ ಕೊಡಲು ಇಳಿಯದಿದ್ದರೆ ಅವರು ಮೆಟ್ಟಿಲು ಹತ್ತುತ್ತಾರೆ. ಆ ದಿನ ಬಾ. ನಾನು ಒಂದು ಮಾತೂ ಆಡದೆ ನಿನ್ನ ಹಿಂದಿನ ಕೋಣೆಗೆ ಬರುತ್ತೇನೆ. ಆದರೆ ಆ ದಿನದ ಶಿಕ್ಷೆಯನ್ನು ಈ ದಿನವೇ ಅನುಭವಿಸಲು ನಾನು ಒಪ್ಪುವುದಿಲ್ಲ. ಅದೂ ನಾನು ಹಸಿರು ಸೀರೆಯುಟ್ಟು, ನನ್ನ ಕಾಲ ಮೇಲೆ ನಡೆದು, ನನ್ನ ಜೀವನದ ಒಂದು ಒಳ್ಳೆಯ ಮಧ್ಯಾಹ್ನವನ್ನು ಕಳೆದ ಕಾರಣಕ್ಕೆ.

ಆದ್ದರಿಂದ ಮನೆ ಬಿಡುವುದಿಲ್ಲ. ಶ್ರೀದೇವಿಯವರಿಗೆ ನೀನೇ ಫೋನು ಮಾಡಿ ಹೇಳು, ಮಾತು ಕೊಟ್ಟವಳು ನೀನಲ್ಲವೆ. ನಿನಗೆ ಮುಜುಗರವಾಗದಿರಲಿ ಎಂದು ನಾನು ಇನ್ನೂ ಅವರಿಗೆ ಹೌದು ಎಂದಿಲ್ಲ, ಅಲ್ಲ ಎಂದೂ ಹೇಳಿಲ್ಲ. ಗಿರಿಯ ಮೇಲೆ ರೇಗಬೇಡ. ಅವನು ಹೆದರಿದ, ಅಷ್ಟೆ. ಹೆದರಿಕೆಗೆ ಔಷಧವಿದೆ, ಅದು ನನ್ನನ್ನು ಕಟ್ಟಿಹಾಕುವುದಲ್ಲ.

ಸುಹಾಸನಿಗೆ ನನ್ನ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಸೊಂಟ ನೋಡಿಕೋ. ಇಬ್ಬರೂ ಸುಖವಾಗಿರಿ, ಸ್ವಲ್ಪ ಮೊಂಡಾಗಿಯೂ ಇರಿ.

ನಿನ್ನ ಅಮ್ಮ,
ಪ್ರೇಮಕುಮಾರಿ

ಮರೆತಿದ್ದಲ್ಲ, ಬೇಕೆಂದೇ ಕೊನೆಗಿಟ್ಟದ್ದು: ರಶೀದ್ ಬಂದು ಕೆಳಗೆ ಗಾಡಿಯಲ್ಲಿ ಕಾಯುತ್ತಿದ್ದಾನೆ. "ಬರೀ ಲೆಟರ್ ಅಷ್ಟೇನಾ ಆಂಟಿ? ಬೇರೆಯವ್ರು ಹತ್ತತ್ತು ಕೇಜಿ ಕೊಡ್ತಾರೆ" ಎಂದು ಬಾಗಿಲಲ್ಲೇ ಗೇಲಿ ಮಾಡಿ ಇಳಿದ. ಅವನ ಮನೆ ನಿನ್ನ ಬ್ಯಾಂಕಿನ ಹಿಂದಿನ ರಸ್ತೆಯಲ್ಲೇ ಅಂತೆ, ಬುಧವಾರ ತಲುಪಿಸುತ್ತಾನೆ. ಇದೇ 29ಕ್ಕೆ ನನ್ನ ವಿಮಾನ. ಫ್ರಾಂಕ್‌ಫರ್ಟ್‌ನಲ್ಲಿ ನನ್ನ ಹೆಸರಿನ ಕುರ್ಚಿ ಬರುತ್ತದೆ, ಗಿರಿ ಆಗಲೇ ಬುಕ್ ಮಾಡಿದ್ದಾನೆ. ನಾನು ಅದರಲ್ಲಿ ಕೂರುವುದಿಲ್ಲ. ಅವನಿಗೆ ಇನ್ನೂ ಹೇಳಿಲ್ಲ. ಅಲ್ಲೇ, ಕುರ್ಚಿಯ ಮುಂದೆಯೇ ಹೇಳುತ್ತೇನೆ. ಕೊರಳ ಪಟ್ಟಿಯನ್ನು ಅವನ ಕೈಗೆ ಕೊಟ್ಟು ಬರುತ್ತೇನೆ. ಬೆಂಗಳೂರಿಗೆ ಇಳಿದು, ಹಗಲೆಲ್ಲ ಯಶವಂತಪುರದಲ್ಲಿ ನಮ್ಮ ಶಾಲೆಯ ವಿಜಯಶ್ರೀ ಟೀಚರ ಮನೆಯಲ್ಲಿದ್ದು, ಸಂಜೆಯ ಕಾರವಾರದ ರೈಲಿಗೆ ಹತ್ತುತ್ತೇನೆ. ಏರ್‌ಪೋರ್ಟಿಗೆ ನೀನು ಬರುವುದಾದರೆ ಬಾ, ನಿನ್ನನ್ನು ನೋಡಿ ಎಷ್ಟು ದಿನವಾಯಿತು. ಆದರೆ ಕುರ್ಚಿಗಳ ಸಾಲಿನಲ್ಲಿ ನನ್ನನ್ನು ಹುಡುಕಬೇಡ, ನಡೆದು ಬರುವವರನ್ನು ನೋಡು. ಹಸಿರು ಸೀರೆ ಉಟ್ಟಿರುತ್ತೇನೆ. ಹಸಿರು, ನೀಲಿಯಲ್ಲ.